'ಎಲಿಂಗ್ಟನ್ ಅಟ್ ನ್ಯೂಪೋರ್ಟ್': ತಂದೆಯವರ ಎಲ್ಪಿಯಲ್ಲಿ ಇರುವುದು ಆ ರಾತ್ರಿಯ ಕಛೇರಿಯೇ?

ಪ್ರಶ್ನೆ: ನಮ್ಮ ತಂದೆಯವರ ಸಂಗ್ರಹದಲ್ಲಿ ಅಮೆರಿಕದ ಜಾಝ್ ರಚನಕಾರ, ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಅವರ ತಂಡದ 'ಎಲಿಂಗ್ಟನ್ ಅಟ್ ನ್ಯೂಪೋರ್ಟ್' ಎಂಬ ಹಳೆಯ ಎಲ್ಪಿ (ಗ್ರಾಮಫೋನ್ ತಟ್ಟೆ) ಇದೆ. ಚಿಕ್ಕಂದಿನಿಂದಲೂ ಅದನ್ನು ಕೇಳುತ್ತ ಬಂದಿದ್ದೇನೆ. ಈಚೆಗೆ ಅದೇ ಕಛೇರಿಯದೆನ್ನುವ, ಎರಡು ಸಿಡಿಗಳ ಆವೃತ್ತಿಯನ್ನು ಕೇಳಿದಾಗ ಅದು ಬೇರೆಯೇ ಕಛೇರಿಯೆನ್ನಿಸಿತು. ಎಲ್ಪಿಯಲ್ಲಿ ಎಲ್ಲೋ ದೂರದಿಂದ ಬರುತ್ತಿದ್ದ ಸ್ಯಾಕ್ಸಫೋನ್ ಸಿಡಿಯಲ್ಲಿ ಎದುರಿಗೇ ನಿಂತು ನುಡಿಸಿದಂತಿದೆ. ಎಲ್ಪಿ ನಿಜವಾದ ಕಛೇರಿಯೇ ಅಲ್ಲ, ಸ್ಟುಡಿಯೊದಲ್ಲಿ ನುಡಿಸಿ ಆಮೇಲೆ ಚಪ್ಪಾಳೆ ಸೇರಿಸಿದ್ದು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇದು ಸತ್ಯವೇ? ಹಾಗಿದ್ದರೆ ಇನ್ನು ಮುಂದೆ ಯಾವುದನ್ನು ಕೇಳಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ಸತ್ಯವಿದೆ, ಆದರೆ ಆ ಸತ್ಯ ಎಲ್ಪಿಯ ಮುಖ್ಯ ಭಾಗಕ್ಕೆ ಅನ್ವಯಿಸುವುದಿಲ್ಲ. ಆ ತಟ್ಟೆ ಹೆಸರಾದದ್ದು ಎರಡನೆಯ ಬದಿಯ ಕೊನೆಯಲ್ಲಿ ಬರುವ 'ಡಿಮಿನ್ಯುಯೆಂಡೊ ಆ್ಯಂಡ್ ಕ್ರೆಸೆಂಡೊ ಇನ್ ಬ್ಲೂ' ಎಂಬ ರಚನೆಯಿಂದ ಮತ್ತು ಅದರ ನಡುವೆ ಪಾಲ್ ಗೊನ್ಸಾಲ್ವೆಸ್ ನುಡಿಸಿದ ದೀರ್ಘ ಟೆನರ್ ಸ್ಯಾಕ್ಸಫೋನ್ ಸೋಲೊದಿಂದ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗದಿಂದ. ಆ ಸೋಲೊ 1956ರ ಜುಲೈ 7ರ ಶನಿವಾರ ರಾತ್ರಿ, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಊರಿನಲ್ಲಿ, ಸಾವಿರಾರು ಜನರೆದುರು, ತೆರೆದ ಮೈದಾನದಲ್ಲಿ ನುಡಿಸಿದ್ದೇ ಹೌದು. ಅದನ್ನು ಯಾರೂ ಸ್ಟುಡಿಯೊದಲ್ಲಿ ಹುಟ್ಟಿಸಲಿಲ್ಲ. ಸ್ಟುಡಿಯೊದ ಕೈ ಹೆಚ್ಚಾಗಿ ಬಿದ್ದಿರುವುದು ಉಳಿದ ಭಾಗಗಳ ಮೇಲೆ. ಸ್ಯಾಕ್ಸಫೋನ್ ದೂರದಿಂದ ಕೇಳುವುದಕ್ಕೆ ನಿಮ್ಮ ತಟ್ಟೆಯ ವಯಸ್ಸೂ ಕಾರಣವಲ್ಲ, ಸೂಜಿಯ ಸವೆತವೂ ಕಾರಣವಲ್ಲ. ಆ ರಾತ್ರಿ ಗೊನ್ಸಾಲ್ವೆಸ್ ನಿಂತದ್ದು ಬೇರೆಯವರ ಮೈಕಿನ ಮುಂದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವೆಲ್ಲ ಆ ಒಂದು ತಪ್ಪಿನಿಂದ ಮತ್ತು ಅದರ ಬೆನ್ನಿಗೇ ತೆಗೆದುಕೊಂಡ ಕೆಲವು ನಿರ್ಧಾರಗಳಿಂದ ಹುಟ್ಟಿದೆ.

ಮೊದಲು, ಆ ಕಛೇರಿಗೆ ಬರುವ ಹೊತ್ತಿಗೆ ತಂಡದ ಸ್ಥಿತಿ ಹೇಗಿತ್ತು ಎಂಬುದನ್ನು ನೆನಪಿಡಬೇಕು. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಜಾಝ್ ತಂಡಗಳ ಕಾಲ ಇಳಿಮುಖವಾಗಿತ್ತು. ಹದಿನೈದು ಮಂದಿ ವಾದಕರಿಗೆ ಸಂಬಳ ಕೊಟ್ಟು ಊರೂರು ತಿರುಗಿಸುವುದು ಹೆಚ್ಚಿನವರ ಕೈಮೀರಿದ ಕೆಲಸವಾಗಿ, ಹಲವು ನಾಯಕರು ತಂಡಗಳನ್ನು ಮುಚ್ಚಿದ್ದರು. ಎಲಿಂಗ್ಟನ್ ಮುಚ್ಚಲಿಲ್ಲ. ತಮ್ಮ ರಚನೆಗಳಿಂದ ಬರುತ್ತಿದ್ದ ಹಣವನ್ನು ಸುರಿದು ತಂಡವನ್ನು ಉಳಿಸಿಕೊಂಡರು, ಏಕೆಂದರೆ ಬರೆದದ್ದನ್ನು ಮರುದಿನವೇ ಕಿವಿಯಾರೆ ಕೇಳಲು ಅವರಿಗೆ ಆ ತಂಡ ಬೇಕಿತ್ತು. ಆದರೂ ತಂಡದ ಮುಖ್ಯ ಆಲ್ಟೊ ಸ್ಯಾಕ್ಸಫೋನ್ ವಾದಕ ಜಾನಿ ಹಾಜಸ್ 1951ರಲ್ಲಿ ಹೊರಟುಹೋಗಿದ್ದರು. 1955ರ ಬೇಸಿಗೆಯಲ್ಲಿ ಇದೇ ತಂಡ ನ್ಯೂಯಾರ್ಕಿನಲ್ಲಿ ಜಲಕ್ರೀಡೆಯ ಪ್ರದರ್ಶನವೊಂದಕ್ಕೆ ಹಿನ್ನೆಲೆ ಸಂಗೀತ ನುಡಿಸಿ ದಿನ ದೂಡಬೇಕಾಯಿತು. ಅದೇ ವರ್ಷ ಹಾಜಸ್ ಮರಳಿದರು, ಡ್ರಮ್ಸ್‌ಗೆ ಸ್ಯಾಮ್ ವುಡ್‌ಯಾರ್ಡ್ ಬಂದರು. ತಂಡಕ್ಕೆ ಮತ್ತೆ ಜೀವ ಬರುತ್ತಿತ್ತು, ಆದರೆ ಅದನ್ನು ಗಮನಿಸಿದವರು ಕಡಿಮೆ. ಎಲಿಂಗ್ಟನ್ ಕಾಲ ಮುಗಿಯಿತೆಂದೇ ಹಲವು ವಿಮರ್ಶಕರು ಆಗ ಬರೆಯುತ್ತಿದ್ದರು.

ನ್ಯೂಪೋರ್ಟ್ ಎಂಬುದು ಸಮುದ್ರದಂಡೆಯ ಊರು, ಶ್ರೀಮಂತರ ಬೇಸಿಗೆ ಮಹಲುಗಳಿಗೆ ಹೆಸರಾದದ್ದು. ಅಲ್ಲಿ ಜಾರ್ಜ್ ವೀನ್ 1954ರಲ್ಲಿ ಜಾಝ್ ಉತ್ಸವವನ್ನು ಆರಂಭಿಸಿದ್ದರು. 1956ರ ಉತ್ಸವಕ್ಕಾಗಿ ಎಲಿಂಗ್ಟನ್ ಮತ್ತು ಅವರ ಸಹರಚನಕಾರ ಬಿಲ್ಲಿ ಸ್ಟ್ರೇಹಾರ್ನ್ ಮೂರು ಭಾಗಗಳ ಹೊಸ ರಚನೆಯೊಂದನ್ನು ಮಾಡಿದರು. ಅದೇ ನಿಮ್ಮ ಎಲ್ಪಿಯ ಮೊದಲ ಬದಿಯ 'ನ್ಯೂಪೋರ್ಟ್ ಜಾಝ್ ಫೆಸ್ಟಿವಲ್ ಸ್ವೀಟ್' (ಇಲ್ಲಿ ಸ್ವೀಟ್ ಎಂದರೆ ಹಲವು ಭಾಗಗಳ ಸಂಗೀತ ರಚನೆ). ಕೊಲಂಬಿಯಾ ಕಂಪನಿಯ ನಿರ್ಮಾಪಕ ಜಾರ್ಜ್ ಅವಾಕಿಯನ್ ಆ ಕಛೇರಿಯನ್ನು ಧ್ವನಿಮುದ್ರಿಸಲು ಟೇಪ್ ಯಂತ್ರಗಳೊಡನೆ ಅಲ್ಲಿದ್ದರು. ಹೊಸ ರಚನೆಯೇ ತಟ್ಟೆಯ ಮುಖ್ಯ ಆಕರ್ಷಣೆಯಾಗಬೇಕೆಂಬುದು ಎಲ್ಲರ ಲೆಕ್ಕಾಚಾರವಾಗಿತ್ತು. ನಡೆದದ್ದು ಬೇರೆ.

ಆ ಸಂಜೆ ತಂಡ ಮೊದಲು ವೇದಿಕೆಗೆ ಬಂದಾಗ ನಾಲ್ವರು ವಾದಕರು ಇನ್ನೂ ಬಂದಿರಲಿಲ್ಲ. ರಾಷ್ಟ್ರಗೀತೆಯನ್ನೂ ಒಂದೆರಡು ರಚನೆಗಳನ್ನೂ ನುಡಿಸಿ ಎಲಿಂಗ್ಟನ್ ಇಳಿದುಹೋದರು. ಆಮೇಲೆ ಬೇರೆ ಬೇರೆ ತಂಡಗಳ ಸರದಿ. ಪೂರ್ಣ ತಂಡದೊಡನೆ ಅವರು ಮತ್ತೆ ವೇದಿಕೆಯೇರುವಾಗ ಮಧ್ಯರಾತ್ರಿ ಹತ್ತಿರವಾಗಿತ್ತು. ಸುಮಾರು 7,000 ಜನ ಸೇರಿದ್ದ ಆ ಮೈದಾನದಿಂದ ಕೆಲವರು ಆಗಲೇ ಮನೆಯ ದಾರಿ ಹಿಡಿದಿದ್ದರು. ಹೊಸ ರಚನೆಯನ್ನು ನುಡಿಸಿದರು, ಜನ ಮರ್ಯಾದೆಯ ಚಪ್ಪಾಳೆ ತಟ್ಟಿದರು. ಹ್ಯಾರಿ ಕಾರ್ನಿಯವರ ಬ್ಯಾರಿಟೋನ್ ಸ್ಯಾಕ್ಸಫೋನ್ 'ಸೊಫಿಸ್ಟಿಕೇಟೆಡ್ ಲೇಡಿ'ಯನ್ನು ಹಾಡಿತು. ಅನಂತರ ಎಲಿಂಗ್ಟನ್ ಸುಮಾರು ಇಪ್ಪತ್ತು ವರ್ಷ ಹಳೆಯದಾದ ಒಂದು ಜೋಡಿ ರಚನೆಯನ್ನು ಎತ್ತಿಕೊಂಡರು.

ಈ ಜೋಡಿ ರಚನೆಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. 1937ರಲ್ಲಿ ಅದನ್ನು ಮೊದಲು ಮುದ್ರಿಸಿದಾಗ 78 ವೇಗದ ತಟ್ಟೆಯ ಒಂದು ಬದಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು, ಆದ್ದರಿಂದ ಅದು ಎರಡು ಬದಿಗಳಿಗೆ ಹಂಚಿಹೋಯಿತು. ಮೊದಲ ಬದಿಯಲ್ಲಿ 'ಡಿಮಿನ್ಯುಯೆಂಡೊ': ಇಡೀ ತಂಡದ ಅಬ್ಬರದಿಂದ ಆರಂಭವಾಗಿ ಮೆಲ್ಲಮೆಲ್ಲನೆ ತಗ್ಗುತ್ತ ಪಿಯಾನೊದ ಪಿಸುಮಾತಿಗೆ ಇಳಿಯುತ್ತದೆ. ಎರಡನೆಯ ಬದಿಯಲ್ಲಿ 'ಕ್ರೆಸೆಂಡೊ': ಕೆಳದನಿಯಿಂದ ಹೊರಟು ಮತ್ತೆ ಆ ಅಬ್ಬರಕ್ಕೆ ಏರುತ್ತದೆ. ಎರಡಕ್ಕೂ ಆಧಾರ ಬ್ಲೂಸ್, ಅಂದರೆ ನಾಲ್ಕು ನಾಲ್ಕು ಮಾತ್ರೆಗಳ ಹನ್ನೆರಡು ಬಾರ್‌ಗಳು ಒಂದು ಸುತ್ತಾಗಿ ಮರಳಿ ಮರಳಿ ಬರುವ ಚೌಕಟ್ಟು. ಜಾಝ್‌ನವರು ಒಂದು ಸುತ್ತನ್ನು ಕೋರಸ್ ಎನ್ನುತ್ತಾರೆ. ನಮ್ಮ ಕಿವಿಗೆ ಆವರ್ತ ಎಂದರೆ ಹೆಚ್ಚು ಹತ್ತಿರ, ಆದರೆ ಇಲ್ಲಿ ತಾಳದ ಸುತ್ತಿನ ಜೊತೆಗೆ ಸ್ವರಮೇಳದ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಕಾರ್ಡ್) ಸುತ್ತೂ ಇರುತ್ತದೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ಹನ್ನೆರಡು ಬಾರ್‌ಗಳಲ್ಲಿ ಮೂಲ ಸ್ವರಮೇಳದಿಂದ ಹೊರಟು, ನಾಲ್ಕನೆಯ ಮತ್ತು ಐದನೆಯ ಸ್ವರಗಳ ಮೇಲೆ ಕಟ್ಟಿದ ಸ್ವರಮೇಳಗಳಿಗೆ ಹೋಗಿ, ಮತ್ತೆ ಮನೆಗೆ, ಅಂದರೆ ಮೂಲ ಸ್ವರಮೇಳಕ್ಕೆ ಬರಬೇಕು.

ಈ ಎರಡು ತುದಿಗಳ ನಡುವೆ ಒಂದು ಸೇತುವೆ ಬೇಕಿತ್ತು. 1950ರಲ್ಲಿ ತಂಡಕ್ಕೆ ಬಂದ ಗೊನ್ಸಾಲ್ವೆಸ್ ಆ ಸೇತುವೆಯ ಜಾಗದಲ್ಲಿ ಸೋಲೊ ನುಡಿಸುವುದನ್ನು ನ್ಯೂಪೋರ್ಟಿಗೆ ಕೆಲವು ವರ್ಷ ಮುಂಚೆಯೇ ಮಾಡಿ ನೋಡಿದ್ದರು. ಆ ರಾತ್ರಿ ಎಲಿಂಗ್ಟನ್ ಅವರಿಗೆ ಹೇಳಿದ್ದು ಇಷ್ಟೆ: ನಿನಗೆ ಎಷ್ಟು ಹೊತ್ತು ನುಡಿಸಬೇಕೆನ್ನಿಸುತ್ತದೋ ಅಷ್ಟು ಹೊತ್ತು ನುಡಿಸು. ಅವರು ನುಡಿಸಿದ್ದು 27 ಸುತ್ತು. ಹನ್ನೆರಡರಂತೆ 324 ಬಾರ್‌ಗಳು, ಆರು ನಿಮಿಷಕ್ಕೂ ಮೀರಿದ ಕಾಲ. ಅಷ್ಟೂ ಹೊತ್ತು ಹಿತ್ತಾಳೆ ವಾದ್ಯಗಳವರು ಸುಮ್ಮನೆ ಕುಳಿತಿರುತ್ತಾರೆ. ಬೆಂಬಲಕ್ಕೆ ಜಿಮ್ಮಿ ವುಡ್ ಅವರ ಬಾಸ್, ವುಡ್‌ಯಾರ್ಡ್ ಅವರ ಡ್ರಮ್ಸ್, ಆಗೊಮ್ಮೆ ಈಗೊಮ್ಮೆ ಎಲಿಂಗ್ಟನ್ ಪಿಯಾನೊದ ಒಂದೆರಡು ಪೆಟ್ಟು, ಮತ್ತು ಅವರ ಹುರಿದುಂಬಿಸುವ ಕೂಗು.

ಈ ಸೋಲೊವನ್ನು ಬರೀ ಸುತ್ತುಗಳ ಲೆಕ್ಕದಿಂದ ಹೊಗಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಉದ್ದ ನುಡಿಸಿದವರು ಆಗಲೂ ಬಹಳ ಮಂದಿ ಇದ್ದರು, ಜನರನ್ನು ಎಬ್ಬಿಸಲು ಸ್ಯಾಕ್ಸಫೋನಿನಲ್ಲಿ ಕಿರುಚುವವರೂ ಇದ್ದರು. ಗೊನ್ಸಾಲ್ವೆಸ್ ಕಿರುಚುವುದಿಲ್ಲ. ಅವರ ನಾದ ಮೆತ್ತಗಿನದು, ಅಂಚುಗಳು ಸ್ವಲ್ಪ ಮಸುಕಾದದ್ದು. ಒಂದು ಚಿಕ್ಕ ಪಲುಕನ್ನು ಹಿಡಿದು ಒಂದು ಸುತ್ತಿನ ತುಂಬ ತಿರುತಿರುಗಿಸಿ, ಮುಂದಿನ ಸುತ್ತಿನ ಹೊಸ್ತಿಲಲ್ಲಿ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಏರುವುದು ಅವರ ದನಿಯಲ್ಲ, ಕೆಳಗಿನ ನಡೆ. ವುಡ್‌ಯಾರ್ಡ್ ಪ್ರತಿ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಹೊಡೆಯುವ ಪೆಟ್ಟು ಸುತ್ತಿನಿಂದ ಸುತ್ತಿಗೆ ಗಟ್ಟಿಯಾಗುತ್ತದೆ. ವೇಗ ಹೆಚ್ಚುವುದಿಲ್ಲ, ಒತ್ತಡ ಹೆಚ್ಚುತ್ತದೆ. ಏಳನೆಯ ಸುತ್ತಿನ ಹೊತ್ತಿಗೆ ಜನರ ಕಡೆಯಿಂದ ಮೊದಲ ಗದ್ದಲ ಕೇಳುತ್ತದೆ. ಮುಂದಿನ ಸಾಲಿನ ಹತ್ತಿರ, ಕಪ್ಪು ಉಡುಪಿನ ಹೊಂಗೂದಲ ಮಹಿಳೆಯೊಬ್ಬರು ಎದ್ದು ಕುಣಿಯತೊಡಗಿದರು. ಅವರನ್ನು ನೋಡಿ ಇನ್ನಷ್ಟು ಜನ ಎದ್ದರು, ಕುರ್ಚಿಗಳ ಮೇಲೆ ಹತ್ತಿದರು. ವೇದಿಕೆಯ ಬದಿಯಲ್ಲಿ ಜೋ ಜೋನ್ಸ್ ಇದ್ದರು. ಕೌಂಟ್ ಬೇಸಿ ತಂಡದಲ್ಲಿ ಹೆಸರು ಮಾಡಿದ ಈ ಡ್ರಮ್ಸ್ ವಾದಕ ಸುರುಳಿ ಸುತ್ತಿದ ದಿನಪತ್ರಿಕೆಯಿಂದ ವೇದಿಕೆಯ ಅಂಚನ್ನು ಬಡಿಯುತ್ತ ತಂಡದವರಿಗೆ ಹುರುಪು ತುಂಬುತ್ತಿದ್ದರು. ತಾಳದ ಗುಟ್ಟು ತಿಳಿದ ಹಿರಿಯರೊಬ್ಬರು ಸಭೆಯಲ್ಲಿ ಕುಳಿತು ತೊಡೆ ತಟ್ಟಿದರೆ ವೇದಿಕೆಯ ಮೇಲಿನವರಿಗೆ ಏನಾಗುತ್ತದೆ ಎಂಬುದು ನಮ್ಮ ಕಛೇರಿಗಳಿಗೆ ಹೋದವರಿಗೆಲ್ಲ ಗೊತ್ತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ವೇದಿಕೆಯ ಮೇಲೆ ಅಂದು ಎರಡು ಬೇರೆ ಬೇರೆ ಸಂಸ್ಥೆಗಳ ಮೈಕುಗಳಿದ್ದವು. ಒಂದು ಕೊಲಂಬಿಯಾದವರದು. ಇನ್ನೊಂದು 'ವಾಯ್ಸ್ ಆಫ್ ಅಮೆರಿಕ'ದ್ದು. ಇದು ಅಮೆರಿಕ ಸರ್ಕಾರದ, ಹೊರದೇಶಗಳ ಕೇಳುಗರಿಗಾಗಿ ಇದ್ದ ಬಾನುಲಿ. ವಿಲಿಸ್ ಕಾನೋವರ್ ಅವರ ಜಾಝ್ ಕಾರ್ಯಕ್ರಮ ಶಾರ್ಟ್‌ವೇವ್‌ನಲ್ಲಿ ಪ್ರಪಂಚದ ಉದ್ದಗಲಕ್ಕೂ ಕೇಳುತ್ತಿತ್ತು. ಗೊನ್ಸಾಲ್ವೆಸ್ ಎದ್ದು ಮುಂದೆ ಬಂದು ನಿಂತದ್ದು ಈ ಎರಡನೆಯ ಮೈಕಿನ ಎದುರಿಗೆ. ಪರಿಣಾಮವಾಗಿ ಕೊಲಂಬಿಯಾದ ಟೇಪಿನಲ್ಲಿ ಡ್ರಮ್ಸ್ ಇದೆ, ಬಾಸ್ ಇದೆ, ಜನರ ಕೂಗು ಇದೆ, ಇಡೀ ಕಛೇರಿಗೆ ಕಾರಣವಾದ ವಾದ್ಯ ಮಾತ್ರ ಪಕ್ಕದ ಕೋಣೆಯಿಂದ ಬಂದಂತಿದೆ. ನೀವು ಚಿಕ್ಕಂದಿನಿಂದ ಕೇಳಿದ್ದು ಈ ಟೇಪನ್ನು. ಮೈಕಿನ ಭೌತಿಕ ನಿಯಮ ಸರಳವಾದದ್ದು ಮತ್ತು ನಿರ್ದಯವಾದದ್ದು: ದೂರ ಎರಡು ಪಟ್ಟಾದರೆ ನೇರವಾಗಿ ಬರುವ ನಾದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಸುತ್ತಲಿನ ಗದ್ದಲವೋ ಇದ್ದಷ್ಟೇ ಇರುತ್ತದೆ. ಆಮೇಲೆ ಯಂತ್ರದಲ್ಲಿ ಎಷ್ಟು ಎತ್ತಿದರೂ ವಾದ್ಯದೊಡನೆ ಗದ್ದಲವೂ ಏರುತ್ತದೆ. ಇದನ್ನು ಸರಿಪಡಿಸುವ ಉಪಾಯ ಅಂದಿನ ಯಾವ ತಂತ್ರಜ್ಞರ ಬಳಿಯೂ ಇರಲಿಲ್ಲ.

ಹೊಸ ರಚನೆಯ ಕಷ್ಟ ಬೇರೆ ಬಗೆಯದು. ಅದನ್ನು ಸಾಕಷ್ಟು ಅಭ್ಯಾಸ ಮಾಡಿರಲಿಲ್ಲ. ವೇದಿಕೆಯ ಮೇಲೆ ಕೆಲವು ಕಡೆ ಹೊಂದಾಣಿಕೆ ತಪ್ಪಿತ್ತು, ಎಲಿಂಗ್ಟನ್ ಅವರಿಗೇ ಅದು ತೃಪ್ತಿ ಕೊಟ್ಟಿರಲಿಲ್ಲ. ಆದ್ದರಿಂದ ಎರಡೇ ದಿನ ಕಳೆದು, ಜುಲೈ 9ರ ಸೋಮವಾರ, ತಂಡವನ್ನು ನ್ಯೂಯಾರ್ಕಿನ ಸ್ಟುಡಿಯೊಗೆ ಕರೆಸಿ ಆ ಮೂರು ಭಾಗಗಳನ್ನು ಮತ್ತೆ ನುಡಿಸಲಾಯಿತು. ಹಾಜಸ್ ಅವರ 'ಜೀಪ್ಸ್ ಬ್ಲೂಸ್' ಅನ್ನೂ ಅಲ್ಲಿ ಮುದ್ರಿಸಲಾಯಿತು. ಕಛೇರಿಯ ಮತ್ತು ಸ್ಟುಡಿಯೊದ ತುಣುಕುಗಳನ್ನು ಜೋಡಿಸಿ, ಮೇಲೆ ಚಪ್ಪಾಳೆಯನ್ನು ಬೆರೆಸಿ, ಎಲ್ಲವೂ ಒಂದೇ ರಾತ್ರಿ ನಡೆದಂತೆ ಕೇಳುವ ಹಾಗೆ ಅವಾಕಿಯನ್ ತಟ್ಟೆಯನ್ನು ಸಿದ್ಧಪಡಿಸಿದರು. ಎಲ್ಪಿಯ ನೂರಕ್ಕೆ ಸುಮಾರು ನಲವತ್ತರಷ್ಟು ಮಾತ್ರ ನಿಜವಾದ ಕಛೇರಿ ಎಂಬ ಅಂದಾಜು ಹಲವು ವರ್ಷಗಳಿಂದ ಚಲಾವಣೆಯಲ್ಲಿದೆ. ಹದಿನಾಲ್ಕೂವರೆ ನಿಮಿಷದ 'ಡಿಮಿನ್ಯುಯೆಂಡೊ ಆ್ಯಂಡ್ ಕ್ರೆಸೆಂಡೊ' ಒಂದೇ ತಟ್ಟೆಯ ಮೂರನೆಯ ಒಂದು ಭಾಗದಷ್ಟಿರುವುದರಿಂದ ಆ ಅಂದಾಜು ನಂಬತಕ್ಕದ್ದೇ. ನಿಮ್ಮ ಸ್ನೇಹಿತರು ಕೇಳಿ ತಿಳಿದದ್ದು ಇದನ್ನೇ ಇರಬೇಕು.

ಅವಾಕಿಯನ್ ಮಾಡಿದ್ದು ಸರಿಯೇ ತಪ್ಪೇ ಎಂಬುದನ್ನು ಎರಡು ಭಾಗ ಮಾಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಹೊಸ ರಚನೆಯನ್ನು ಮತ್ತೆ ನುಡಿಸಿದ್ದರಲ್ಲಿ ನನಗೆ ದೋಷ ಕಾಣುವುದಿಲ್ಲ. ರಚನಕಾರರೇ ಅದನ್ನು ಬಯಸಿದ್ದರು. ಅಭ್ಯಾಸವಿಲ್ಲದೆ ಎಡವಿದ ರೂಪವನ್ನು ತಮ್ಮ ಕೃತಿಯ ಶಾಶ್ವತ ರೂಪವೆಂದು ಬಿಟ್ಟುಕೊಡಲು ಯಾವ ರಚನಕಾರರೂ ಒಪ್ಪಲಾರರು, ಮತ್ತು ಟೇಪು ಬಂದ ಮೇಲೆ ಕತ್ತರಿಸಿ ಜೋಡಿಸುವುದು ಎಲ್ಲ ಕಂಪನಿಗಳ ನಿತ್ಯದ ಕೆಲಸವಾಗಿತ್ತು. ಚಪ್ಪಾಳೆಯ ವಿಷಯ ಹಾಗಲ್ಲ. ಸ್ಟುಡಿಯೊದಲ್ಲಿ ನುಡಿಸಿದ್ದಕ್ಕೆ ಇಲ್ಲದ ಸಭೆಯ ಚಪ್ಪಾಳೆ ಹಚ್ಚಿದಾಗ ಕೇಳುಗರಿಗೆ ಸಿಕ್ಕ ಸಾಕ್ಷ್ಯವೇ ಕೆಡುತ್ತದೆ. ನಿಜವಾದ ಸಭೆ ಹೊಸ ರಚನೆಗೆ ಸೌಜನ್ಯದಿಂದಷ್ಟೇ ಪ್ರತಿಕ್ರಿಯಿಸಿತ್ತು, ಹಳೆಯ ಬ್ಲೂಸ್‌ಗೆ ಹುಚ್ಚೆದ್ದು ಪ್ರತಿಕ್ರಿಯಿಸಿತ್ತು. ಆ ಏರಿಳಿತವೇ ಆ ರಾತ್ರಿಯ ಕಥೆ. ಎಲ್ಲದಕ್ಕೂ ಒಂದೇ ಹದದ ಉತ್ಸಾಹವನ್ನು ಸವರಿದಾಗ ಆ ಕಥೆಯ ಅರ್ಧ ಅಳಿಸಿಹೋಯಿತು. ಗೊನ್ಸಾಲ್ವೆಸ್ ಅವರ ದೂರದ ನಾದದ ಕೊರತೆಯನ್ನು ಮುಚ್ಚಲು ಅಲ್ಲಿಯೂ ಹೊರಗಿನ ಚಪ್ಪಾಳೆಯನ್ನು ಬೆರೆಸಿದ್ದಂತೂ ಗಾಯಕ್ಕೆ ಬರೆ ಹಾಕಿದಂತಾಯಿತು, ಏಕೆಂದರೆ ಅಲ್ಲಿ ನಿಜವಾದ ಜನಘೋಷವೇ ಬೇಕಾದಷ್ಟಿತ್ತು.

ಇಷ್ಟಾದರೂ ಆ ತಟ್ಟೆ ಎಲಿಂಗ್ಟನ್ ಅವರ ಬದುಕಿನಲ್ಲೇ ಅತಿ ಹೆಚ್ಚು ಮಾರಾಟವಾದ ಎಲ್ಪಿ ಆಯಿತು. ಕಛೇರಿಯಾಗಿ ಆರು ವಾರ ಕಳೆದು, ಆಗಸ್ಟ್ 20ರ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ತಾನು ಹುಟ್ಟಿದ್ದು 1956ರಲ್ಲಿ ನ್ಯೂಪೋರ್ಟಿನಲ್ಲಿ ಎಂದು ಎಲಿಂಗ್ಟನ್ ಮುಂದೆ ಹೇಳುತ್ತಿದ್ದರು. ಆಗ ಅವರಿಗೆ ಐವತ್ತೇಳು ವರ್ಷ. ಆ ಮರುಹುಟ್ಟಿನ ನಂತರ ಅವರ ತಂಡ ದೇಶ ದೇಶ ಸುತ್ತಿತು, 1963ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ಭಾರತಕ್ಕೂ ಬಂದಿತು. ಆ ಪ್ರವಾಸದ ನೆನಪಿನಿಂದ ಹುಟ್ಟಿದ 'ಫಾರ್ ಈಸ್ಟ್ ಸ್ವೀಟ್'ನಲ್ಲಿ ದೆಹಲಿಯ ಗೊರವಂಕ ಹಕ್ಕಿಯ ಹೆಸರು ಹೊತ್ತ ಒಂದು ಭಾಗವೇ ಇದೆ. ನ್ಯೂಪೋರ್ಟಿನ ತಟ್ಟೆ ಇಷ್ಟವಾದವರು ಅದನ್ನೂ ಹುಡುಕಿ ಕೇಳಬೇಕು.

ಈಗ ಸಿಡಿಗಳ ವಿಷಯ. ವಾಯ್ಸ್ ಆಫ್ ಅಮೆರಿಕದ ಟೇಪು ನಲವತ್ತು ವರ್ಷ ಹಾಗೆಯೇ ಉಳಿದಿತ್ತು. 1990ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ, ಗೊನ್ಸಾಲ್ವೆಸ್ ಅವರ ಸೋಲೊ ಅದರಲ್ಲಿ ಹತ್ತಿರದಿಂದ, ಉಸಿರಿನ ಸಮೇತ ಇತ್ತು. ಜಾಝ್ ಇತಿಹಾಸಕಾರ ಫಿಲ್ ಶಾಪ್ ಅವರ ನೇತೃತ್ವದಲ್ಲಿ 1999ರಲ್ಲಿ, ಅಂದರೆ ಎಲಿಂಗ್ಟನ್ ಜನ್ಮಶತಮಾನೋತ್ಸವದ ವರ್ಷದಲ್ಲಿ, 'ಎಲಿಂಗ್ಟನ್ ಅಟ್ ನ್ಯೂಪೋರ್ಟ್ 1956 (ಕಂಪ್ಲೀಟ್)' ಹೊರಬಂತು. ನೀವು ಕೇಳಿದ್ದು ಅದೇ. ಕೊಲಂಬಿಯಾದ ಟೇಪೂ ಬಾನುಲಿಯ ಟೇಪೂ ಎರಡೂ ಮೋನೊ, ಅಂದರೆ ಒಂದೇ ಚಾನೆಲ್‌ನವು. ಆದರೆ ಒಂದೇ ವೇದಿಕೆಯ ನಾದವನ್ನು ಎರಡು ಬೇರೆ ಜಾಗಗಳಿಂದ ಹಿಡಿದಂಥವು. ಒಂದನ್ನು ಒಂದು ಚಾನೆಲ್‌ಗೂ ಇನ್ನೊಂದನ್ನು ಮತ್ತೊಂದು ಚಾನೆಲ್‌ಗೂ ಕೊಟ್ಟು ಸ್ಟೀರಿಯೊ ಮಾಡಿದರು. ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಎರಡು ಟೇಪ್ ಯಂತ್ರಗಳು ಎಂದೂ ಸರಿಸಮ ವೇಗದಲ್ಲಿ ಓಡುವುದಿಲ್ಲ, ಒಂದೇ ಯಂತ್ರದ ವೇಗವೂ ಟೇಪಿನ ಆರಂಭದಿಂದ ಕೊನೆಗೆ ಸ್ವಲ್ಪ ಬದಲಾಗಬಹುದು. ಅಂತರ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವಾದರೂ ಡ್ರಮ್ಸ್‌ನ ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳತೊಡಗುತ್ತದೆ. ಇಡೀ ಕಛೇರಿಯ ಉದ್ದಕ್ಕೂ ಅವನ್ನು ಡಿಜಿಟಲ್ ವಿಧಾನದಿಂದ ಹೆಜ್ಜೆ ಹೆಜ್ಜೆಗೂ ಹೊಂದಿಸಬೇಕಾಯಿತು. 1956ರಲ್ಲಿ ಯಾರೂ ಸ್ಟೀರಿಯೊಗಾಗಿ ಧ್ವನಿಮುದ್ರಿಸದ ಒಂದು ರಾತ್ರಿ ಈ ರೀತಿ ಸ್ಟೀರಿಯೊದಲ್ಲಿ ನಮಗೆ ಸಿಕ್ಕಿತು. ಆ ತಪ್ಪು ಮೈಕೇ ಕೊನೆಗೆ ಕೈಹಿಡಿಯಿತು.

ಸಿಡಿಗಳಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಸೋಲೊ ಆದ ಮೇಲೆ ಏನಾಯಿತು ಎಂಬುದು ಎಲ್ಪಿಯಿಂದ ತಿಳಿಯುವುದಿಲ್ಲ. ಜನ ವೇದಿಕೆಯ ಕಡೆಗೆ ನುಗ್ಗುತ್ತಿದ್ದರು, ಗಲಭೆಯಾದೀತೆಂಬ ಭಯದಿಂದ ವೀನ್ ಕಛೇರಿಯನ್ನು ಅಲ್ಲಿಗೇ ನಿಲ್ಲಿಸಲು ಬಯಸಿದರು. ಎಲಿಂಗ್ಟನ್ ಒಪ್ಪಲಿಲ್ಲ. ಅಷ್ಟು ಕಾದ ಜನರನ್ನು ಒಮ್ಮೆಲೇ ಬಿಟ್ಟುಹೋದರೆ ಗಲಭೆ ಖಂಡಿತ ಎಂಬ ಅನುಭವ ಅವರದು. ಹಾಜಸ್ ಅವರನ್ನು ಮುಂದೆ ಕರೆದು ಒಂದು ನಿಧಾನದ ಪ್ರೇಮಗೀತೆಯನ್ನು ನುಡಿಸಿಸಿದರು, ಅನಂತರ 'ಜೀಪ್ಸ್ ಬ್ಲೂಸ್'. ಆಮೇಲೆ ತಂಡದ ಟ್ರಂಪೆಟ್ ವಾದಕ ರೇ ನ್ಯಾನ್ಸ್ ಅವರ ಹಾಡು, ವುಡ್‌ಯಾರ್ಡ್ ಅವರ ಡ್ರಮ್ಸ್ ಪ್ರದರ್ಶನ, ಕೊನೆಗೆ 'ಮೂಡ್ ಇಂಡಿಗೊ'ದ ಮೆಲುದನಿಯಲ್ಲಿ ವಿದಾಯ. ಅಷ್ಟು ಕೆರಳಿದ ಸಭೆಯನ್ನು ಬೈಯದೆ, ಬೇಡಿಕೊಳ್ಳದೆ, ರಚನೆಗಳ ಕ್ರಮದಿಂದಲೇ ಮನೆಗೆ ಕಳಿಸಿದ ನಾಯಕತ್ವ ಆ ಸಿಡಿಯ ಎರಡನೆಯ ಭಾಗದಲ್ಲಿ ಕೇಳಿಸುತ್ತದೆ. ಎಲಿಂಗ್ಟನ್ ಯಾಕೆ ದೊಡ್ಡವರು ಎಂದು ಕೇಳುವವರಿಗೆ ನಾನು ಇದನ್ನು ಗೊನ್ಸಾಲ್ವೆಸ್ ಸೋಲೊಗಿಂತ ಮೊದಲು ಕೇಳಿಸುತ್ತೇನೆ. ಸ್ಟುಡಿಯೊದಲ್ಲಿ ನುಡಿಸಿದ ರೂಪಗಳನ್ನೂ ಅದೇ ಆವೃತ್ತಿಯಲ್ಲಿ ಪ್ರತ್ಯೇಕವಾಗಿ ಕೊಟ್ಟಿದ್ದಾರೆ, ಆದ್ದರಿಂದ ಯಾವುದು ಎಲ್ಲಿಯದು ಎಂದು ನೀವೇ ಹೋಲಿಸಿ ನೋಡಬಹುದು. ಸ್ಟುಡಿಯೊದ ರೂಪ ಹೆಚ್ಚು ಶುದ್ಧವಾಗಿದೆ. ವೇದಿಕೆಯ ರೂಪದಲ್ಲಿ ಹೊಸ ರಚನೆಯನ್ನು ಮೊದಲ ಬಾರಿ ಜನರೆದುರು ಇಡುವವರ ಎಚ್ಚರವಿದೆ.

ಹಾಗಾದರೆ ಯಾವುದನ್ನು ಕೇಳಬೇಕು? ಆ ರಾತ್ರಿಯನ್ನು ತಿಳಿಯಲು ಸಿಡಿಗಳನ್ನು ಕೇಳಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂದೆಯವರ ಎಲ್ಪಿಯನ್ನು ಮೂಲೆಗೆ ಸೇರಿಸಬೇಡಿ. ನಾಲ್ಕು ದಶಕಗಳ ಕಾಲ ಪ್ರಪಂಚ ಆ ಕಛೇರಿಯನ್ನು ತಿಳಿದದ್ದು ಆ ರೂಪದಲ್ಲೇ. ಎಲಿಂಗ್ಟನ್ ಅವರನ್ನು ಮತ್ತೆ ಮೇಲೆತ್ತಿದ್ದು ಆ ದೂರದ ಸ್ಯಾಕ್ಸಫೋನೇ. ಜೊತೆಗೆ ಒಂದು ವಿಚಿತ್ರವನ್ನೂ ಗಮನಿಸಿ: ಎಲ್ಪಿಯಲ್ಲಿ ವಾದ್ಯ ಹಿಂದೆ ಸರಿದಿರುವುದರಿಂದ ಜನರ ಅಲೆ ಮತ್ತು ವುಡ್‌ಯಾರ್ಡ್ ಅವರ ಪೆಟ್ಟು ಮುಂದೆ ಬಂದಿವೆ. ನೀವು ಆ ಮೈದಾನದ ನಡುವೆ, ಎದ್ದು ನಿಂತವರ ಬೆನ್ನ ಹಿಂದೆ ಇದ್ದಿದ್ದರೆ ಬಹುಶಃ ಹಾಗೆಯೇ ಕೇಳುತ್ತಿತ್ತು. ಸಿಡಿ ನಿಮ್ಮನ್ನು ವೇದಿಕೆಯ ಮೇಲೆ ನಿಲ್ಲಿಸುತ್ತದೆ. ನಿಮ್ಮ ತಟ್ಟೆಯ ಹೊದಿಕೆಯ ಮೇಲೆ ಸ್ಟೀರಿಯೊ ಎಂದಿದ್ದರೆ ಮಾತ್ರ ಒಂದು ಎಚ್ಚರಿಕೆ: ಆಗಿನ ಅನೇಕ ಮೋನೊ ತಟ್ಟೆಗಳನ್ನು ಮುಂದೆ ಯಂತ್ರದಿಂದ ಸೀಳಿ ಸ್ಟೀರಿಯೊ ಎಂದು ಮಾರುತ್ತಿದ್ದರು, ಅದರಲ್ಲಿ ನಾದ ಟೊಳ್ಳಾಗುತ್ತದೆ. ಆಂಪ್ಲಿಫಯರ್‌ನಲ್ಲಿ ಮೋನೊ ಗುಂಡಿ ಇದ್ದರೆ ಅದನ್ನು ಒತ್ತಿ ಕೇಳಿ.

ಯಾರೂ ಕೈಯಾಡಿಸದ ಎಲಿಂಗ್ಟನ್ ಕಛೇರಿಯೇ ಬೇಕೆಂದು ನಿಮ್ಮ ಸ್ನೇಹಿತರು ಹಟ ಹಿಡಿದರೆ ಅವರಿಗೆ 1940ರ ಫಾರ್ಗೊ ಧ್ವನಿಮುದ್ರಣವನ್ನು ಕೊಡಿ. ಆ ವರ್ಷದ ನವೆಂಬರ್ 7ರಂದು ನಾರ್ತ್ ಡಕೋಟದ ಫಾರ್ಗೊ ಊರಿನ ನೃತ್ಯಶಾಲೆಯೊಂದರಲ್ಲಿ ಈ ತಂಡ ನುಡಿಸಿತು. ಜ್ಯಾಕ್ ಟವರ್ಸ್ ಮತ್ತು ಡಿಕ್ ಬರಿಸ್ ಎಂಬ ಇಬ್ಬರು ಯುವಕರು ಅನುಮತಿ ಪಡೆದು, ತಮ್ಮೊಡನೆ ಹೊತ್ತು ತಂದಿದ್ದ ತಟ್ಟೆ ಕೊರೆಯುವ ಯಂತ್ರದಲ್ಲಿ ಅದನ್ನು ಹಿಡಿದರು. ತಮ್ಮ ಸಂತೋಷಕ್ಕಾಗಿ ಮಾಡಿದ್ದು, ಮಾರಾಟಕ್ಕಲ್ಲ. ಕಂಪನಿಯ ಮೂಲಕ ಅದು ಎಲ್ಪಿಯಾಗಿ ಬಂದದ್ದು 1978ರಲ್ಲಿ. ಬೆನ್ ವೆಬ್‌ಸ್ಟರ್ ಅವರ ಟೆನರ್, ಬಾಲ್ಯ ದಾಟಿ ಕೆಲವೇ ವರ್ಷವಾಗಿದ್ದ ಜಿಮ್ಮಿ ಬ್ಲ್ಯಾಂಟನ್ ಅವರ ಬಾಸ್, ಕುಣಿಯುವವರ ಹೆಜ್ಜೆಗಳ ಸದ್ದು, ಮಾತುಕತೆ, ಎಲ್ಲ ಅದರಲ್ಲಿವೆ. ತಟ್ಟೆ ಮುಗಿದು ಬದಲಿಸುವಾಗ ರಚನೆ ನಡುವೆಯೇ ಕತ್ತರಿಸಿಹೋಗುವ ಕಡೆಗಳೂ ಇವೆ. ಅದು ಆ ಧ್ವನಿಮುದ್ರಣಕ್ಕೆ ನಾವು ಕೊಡಬೇಕಾದ ಬೆಲೆ.

ಕೊನೆಯದಾಗಿ, ಎರಡು ಆವೃತ್ತಿಗಳನ್ನು ಹೋಲಿಸಲು ಒಂದು ಕ್ರಮ ಹೇಳುತ್ತೇನೆ. ಮೊದಲು ಎಲ್ಪಿಯ ಎರಡನೆಯ ಬದಿಯ ಆ ರಚನೆಯನ್ನು ಹಾಕಿ, ಸ್ಯಾಕ್ಸಫೋನನ್ನು ಹಿಡಿಯಲು ಹೆಣಗಾಡದೆ, ವುಡ್‌ಯಾರ್ಡ್ ಅವರ ಎರಡು ಮತ್ತು ನಾಲ್ಕರ ಪೆಟ್ಟನ್ನಷ್ಟೇ ಹಿಡಿದುಕೊಂಡು ಬೆರಳಿನಲ್ಲಿ ಸುತ್ತುಗಳನ್ನು ಎಣಿಸಿ. ಹನ್ನೆರಡು ಬಾರ್‌ಗಳ ಕೊನೆಗೆ ಸ್ವರಮೇಳ ಮನೆಗೆ ಮರಳುವುದು ಎರಡು ಮೂರು ಸುತ್ತುಗಳಲ್ಲೇ ನಿಮಗೆ ಅಭ್ಯಾಸವಾಗುತ್ತದೆ. ಆಮೇಲೆ ಅದೇ ಭಾಗವನ್ನು ಸಿಡಿಯಲ್ಲಿ ಹಾಕಿ ಗೊನ್ಸಾಲ್ವೆಸ್ ಅವರನ್ನು ಹಿಂಬಾಲಿಸಿ. ಪ್ರತಿ ಸುತ್ತಿನ ಬಾಗಿಲಲ್ಲಿ ಅವರು ಉಸಿರು ತೆಗೆದುಕೊಳ್ಳುವ ಜಾಗವನ್ನು ಗುರುತಿಸಿ. ಇಪ್ಪತ್ತೇಳನೆಯದು ಮುಗಿದು ಅವರು ಹಿಂದೆ ಸರಿದಾಗ ಎಲಿಂಗ್ಟನ್ ಎರಡು ಸುತ್ತು ಪಿಯಾನೊ ನುಡಿಸುತ್ತಾರೆ. ಜನ ಇನ್ನೂ ಕೂಗುತ್ತಲೇ ಇರುತ್ತಾರೆ, ಅವರು ಮಾತ್ರ ಆತುರಪಡುವುದಿಲ್ಲ. ಆ ಗದ್ದಲದ ಅಡಿಯಿಂದ ಕೆಳದನಿಯ ವಾದ್ಯಗಳು ಒಂದೊಂದಾಗಿ ಒಳಬರುತ್ತವೆ, ಕೊನೆಗೆ ಕ್ಯಾಟ್ ಆ್ಯಂಡರ್ಸನ್ ಅವರ ಟ್ರಂಪೆಟ್ ಎಲ್ಲರ ತಲೆಯ ಮೇಲೆ ಹಾರಿಹೋಗುತ್ತದೆ. ಅದು ನಿಂತೊಡನೆ ಸಿಡಿಯನ್ನು ಆರಿಸಬೇಡಿ. ಎಲಿಂಗ್ಟನ್ ಮೈಕಿಗೆ ಬಂದು ಪಾಲ್ ಗೊನ್ಸಾಲ್ವೆಸ್ ಎಂಬ ಹೆಸರನ್ನು ಮತ್ತೆ ಮತ್ತೆ ಕೂಗಿ ಹೇಳುವುದನ್ನು ಕೇಳಿ.